ಮೋಲ್ಡಿನ ದಿನದ ದಾಖಲೆ: ಮನೆ ಮಾಲೀಕರು ಮತ್ತು ಗುತ್ತಿಗೆದಾರರ ನಡುವಿನ ಕಾಂಕ್ರೀಟ್ ವ್ಯಾಜ್ಯಗಳು

ಕರ್ನಾಟಕದ ನಗರಗಳಲ್ಲೂ ಪಟ್ಟಣಗಳಲ್ಲೂ ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಸುವ ಕುಟುಂಬಕ್ಕೂ ಅದನ್ನು ಕಟ್ಟಿಕೊಡುವ ಗುತ್ತಿಗೆದಾರನಿಗೂ ನಡುವೆ ಏರ್ಪಡುವ ಒಪ್ಪಂದ ಬಹುಪಾಲು ಒಂದೇ ಅಂಕಿಯ ಮೇಲೆ ನಿಂತಿರುತ್ತದೆ. ಅದು ಚದರದ ದರ. 100 ಚದರ ಅಡಿಯ ವಿಸ್ತೀರ್ಣವನ್ನು ಒಂದು ಚದರವೆಂದು ಎಣಿಸಿ, ಚದರಕ್ಕೆ ಇಷ್ಟು ರೂಪಾಯಿ ಎಂದು ಮಾತು ಮುಗಿಸುವ ಈ ಪದ್ಧತಿಯಲ್ಲಿ ಎರಡು ಬಗೆಗಳಿವೆ: ಸಿಮೆಂಟು, ಕಂಬಿ, ಜಲ್ಲಿ, ಮರಳನ್ನು ಮಾಲೀಕನೇ ತಂದುಕೊಟ್ಟು ಕೆಲಸವನ್ನಷ್ಟೇ ಗುತ್ತಿಗೆಗೆ ಕೊಡುವ ಲೇಬರ್ ಕಾಂಟ್ರ್ಯಾಕ್ಟ್ ಒಂದು, ಸಾಮಗ್ರಿ ಸಮೇತ ಎಲ್ಲವನ್ನೂ ಗುತ್ತಿಗೆದಾರನೇ ವಹಿಸಿಕೊಳ್ಳುವುದು ಇನ್ನೊಂದು. ಎರಡರಲ್ಲೂ ದರವು ಮನೆಯ ಉದ್ದಗಲವನ್ನು ಹೇಳುತ್ತದೆಯೇ ಹೊರತು ಅದರ ಕಾಂಕ್ರೀಟಿನೊಳಗೆ ಏನಿರಬೇಕೆಂಬುದನ್ನು ಹೇಳುವುದಿಲ್ಲ. ಮುಂದೆ ಹುಟ್ಟುವ ಜಗಳಗಳಿಗೆಲ್ಲ ಗುತ್ತಿಗೆದಾರರ ಅಪ್ರಾಮಾಣಿಕತೆಯೇ ಮೂಲವೆಂದು ಮಾಲೀಕರೂ, ಮಾಲೀಕರ ಜಿಪುಣತನವೇ ಮೂಲವೆಂದು ಗುತ್ತಿಗೆದಾರರೂ ನಂಬಿರುವುದುಂಟು. ಎರಡೂ ಸುಳ್ಳಲ್ಲ, ಆದರೆ ಇವೆರಡಕ್ಕಿಂತ ದೊಡ್ಡ ಕಾರಣ ಈ ಒಂಟಿ ಅಂಕಿಯ ಕರಾರು ಮತ್ತು ಅದರ ಬೆನ್ನಿಗೇ ಬರುವ ದಾಖಲೆಯ ಕೊರತೆ ಎಂಬುದು ಈ ಉಪನ್ಯಾಸದ ವಾದ.

ಬಣ್ಣ ಕೆಟ್ಟರೆ ಮತ್ತೆ ಬಳಿಯಬಹುದು, ಟೈಲ್ಸ್ ಎದ್ದರೆ ಕಿತ್ತು ಕೂರಿಸಬಹುದು, ಕಾಂಕ್ರೀಟು ಹಾಗಲ್ಲ. ಎಷ್ಟು ಕಂಬಿ ಕಟ್ಟಿದ್ದರು, ಎಷ್ಟು ಚೀಲ ಸಿಮೆಂಟು ಹಾಕಿದ್ದರು, ನೀರನ್ನು ಅಳೆದು ಹಾಕಿದರೋ ಪೈಪು ಹಿಡಿದು ಸುರಿದರೋ ಎಂಬ ಎಲ್ಲ ಸಂಗತಿಗಳೂ ಅದು ಗಟ್ಟಿಯಾದ ಗಳಿಗೆಯಿಂದ ಅದರ ಹೊಟ್ಟೆಯೊಳಗೇ ಉಳಿದುಬಿಡುತ್ತವೆ. ಆದ್ದರಿಂದ ಕಾಂಕ್ರೀಟಿನ ವ್ಯಾಜ್ಯವೆಂಬುದು ಮೂಲತಃ ಸಾಕ್ಷ್ಯದ ಸಮಸ್ಯೆ.

ಮನೆಯ ಕಂಬ, ತೊಲೆ, ತಾರಸಿಗಳ ಕಾಂಕ್ರೀಟು ಹೇಗಿರಬೇಕೆಂಬುದನ್ನು ಭಾರತೀಯ ಮಾನಕ ಸಂಸ್ಥೆಯ ಐಎಸ್ 456 ಎಂಬ ಸಂಹಿತೆ ವಿಧಿಸುತ್ತದೆ. ಸದ್ಯ ಬಳಕೆಯಲ್ಲಿರುವುದು ಅದರ 2000ನೇ ಇಸವಿಯ ಪರಿಷ್ಕೃತ ರೂಪ. ಕಂಬಿ ಹಾಕಿದ ಯಾವ ಕಾಂಕ್ರೀಟೂ ಎಂ20 ದರ್ಜೆಗಿಂತ ಕೆಳಗಿರಬಾರದೆಂದು ಅದು ಹೇಳುತ್ತದೆ. ಎಂ20 ಎಂದರೆ, 150 ಮಿಲಿಮೀಟರ್ ಬದಿಯ ಕಾಂಕ್ರೀಟಿನ ಘನವೊಂದನ್ನು 28 ದಿನ ನೀರಿನಲ್ಲಿಟ್ಟು ಯಂತ್ರದಲ್ಲಿ ಒತ್ತಿದಾಗ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡವನ್ನು ತಾಳುವ ಶಕ್ತಿ. ಅಂದರೆ ಕೈಯಲ್ಲಿ ಎತ್ತಬಹುದಾದ ಆ ಘನ ಸುಮಾರು 45 ಟನ್ ಭಾರಕ್ಕೆ ಜಗ್ಗದೆ ನಿಲ್ಲಬೇಕು. ಮೇಸ್ತ್ರಿಗಳ ಲೆಕ್ಕದಲ್ಲಿ ಇದಕ್ಕೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಈ ಹದದಲ್ಲಿ ಒಂದು ಘನ ಮೀಟರ್ ಕಾಂಕ್ರೀಟಿಗೆ 50 ಕಿಲೋ ತೂಕದ ಸುಮಾರು 8 ಚೀಲ ಸಿಮೆಂಟು ಬೇಕು. ಹತ್ತು ಚದರದ ತಾರಸಿಯನ್ನು 5 ಅಂಗುಲ ದಪ್ಪಕ್ಕೆ ಹಾಕುವುದಾದರೆ, ತೊಲೆಗಳನ್ನು ಬಿಟ್ಟು ತಾರಸಿಗೇ 12 ಘನ ಮೀಟರಿಗೆ ತುಸು ಕಡಿಮೆ ಕಾಂಕ್ರೀಟು, ಅಂದರೆ 95 ಚೀಲದ ಆಸುಪಾಸು ಸಿಮೆಂಟು ಖರ್ಚಾಗುತ್ತದೆ. ಇಷ್ಟು ಸರಳವಾದ ಗುಣಾಕಾರವನ್ನು ಕಾಂಕ್ರೀಟು ಹಾಕುವ ಹಿಂದಿನ ದಿನ ಮಾಡಿಕೊಂಡು, ಹಾಕಿದ ದಿನದ ಸಂಜೆ ಖಾಲಿ ಚೀಲಗಳನ್ನು ಎಣಿಸಿ ಬರೆದಿಟ್ಟ ಮಾಲೀಕನ ಕೈಯಲ್ಲಿ ಮುಂದಿನ ಎಲ್ಲ ವಾದಗಳಿಗಿಂತ ಬಲವಾದ ಕಾಗದವಿರುತ್ತದೆ. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ.

ತಾರಸಿಗೆ ಕಾಂಕ್ರೀಟು ಹಾಕುವುದನ್ನು ಇಲ್ಲಿನ ಜನ ಮೋಲ್ಡ್ ಹಾಕುವುದೆನ್ನುತ್ತಾರೆ. ಆ ಒಂದು ದಿನದ ಕೆಲಸದ ಕ್ರಮವನ್ನು ಹತ್ತಿರದಿಂದ ನೋಡಿದರೆ ಮುಂದಿನ ವ್ಯಾಜ್ಯದ ಬೇರುಗಳೆಲ್ಲ ಅಲ್ಲೇ ಕಾಣಸಿಗುತ್ತವೆ. ಸೆಂಟ್ರಿಂಗ್ ಶೀಟುಗಳ ಮೇಲೆ ಕಂಬಿ ಕಟ್ಟುವವರು ಜಾಲರಿ ಹೆಣೆದು ಹೋಗಿರುತ್ತಾರೆ. ಕಂಬಿಗೂ ಶೀಟಿಗೂ ನಡುವೆ ಕನಿಷ್ಠ 15ರಿಂದ 20 ಮಿಲಿಮೀಟರ್ ಅಂತರ ಉಳಿಸಲು ಕವರ್ ಬ್ಲಾಕ್ ಎಂಬ ಸಣ್ಣ ತುಂಡುಗಳನ್ನು ಇಟ್ಟಿರಬೇಕು. ಮೋಲ್ಡಿನ ದಿನ ಬರುವ ತಂಡ ಬೇರೆಯೇ. ಅವರಿಗೆ ಕೂಲಿ ದಿನದ ಲೆಕ್ಕಕ್ಕಲ್ಲ, ಇಡೀ ಮೋಲ್ಡಿಗೆ ಇಷ್ಟೆಂಬ ಒಟ್ಟು ಲೆಕ್ಕಕ್ಕೆ. ಕತ್ತಲಾಗುವುದರೊಳಗೆ ಮುಗಿಸಿದರೆ ಅವರಿಗೆ ಲಾಭ. ಬಾಂಡ್ಲಿ ಹೊತ್ತವರು ಜಾಲರಿಯ ಮೇಲೆಯೇ ಓಡಾಡುವಾಗ ಕವರ್ ಬ್ಲಾಕುಗಳು ಜಾರಿ ಕಂಬಿ ಶೀಟಿಗೆ ತಾಗುತ್ತದೆ. ಗಟ್ಟಿ ಕಲಸು ಎಳೆಯಲು ಕಷ್ಟ, ನೀರು ಹೆಚ್ಚಿದಷ್ಟೂ ಕಾಂಕ್ರೀಟು ತಾನಾಗಿ ಹರಿಯುತ್ತದೆ. ಹೀಗಾಗಿ ಮಿಕ್ಸರಿನ ಬಾಯಿಗೆ ಪೈಪು ಹಿಡಿದವನೇ ಆ ದಿನದ ನಿಜವಾದ ಎಂಜಿನಿಯರ್ ಆಗಿಬಿಡುತ್ತಾನೆ. ಎಂ20 ಕಲಸಿಗೆ ಒಂದು ಚೀಲ ಸಿಮೆಂಟಿಗೆ ಮರಳಿನ ತೇವವನ್ನೂ ಸೇರಿಸಿ 30 ಲೀಟರಿಗಿಂತ ಹೆಚ್ಚು ನೀರು ಸಲ್ಲದು. ಸಿಮೆಂಟಿಗೆ ಹೋಲಿಸಿದರೆ ನೀರಿನ ಪ್ರಮಾಣ ಏರಿದಂತೆಲ್ಲ ಕಾಂಕ್ರೀಟಿನ ಬಲ ಇಳಿಯುತ್ತದೆಂಬುದನ್ನು ಷಿಕಾಗೋದ ಲೂಯಿಸ್ ಇನ್‌ಸ್ಟಿಟ್ಯೂಟಿನಲ್ಲಿ ಡಫ್ ಏಬ್ರಮ್ಸ್ 1918ರಲ್ಲೇ ಪ್ರಯೋಗಗಳಿಂದ ತೋರಿಸಿದ್ದ. ನೂರು ವರ್ಷ ದಾಟಿದರೂ ಆ ನಿಯಮ ಮಿಕ್ಸರಿನ ಬಳಿ ನಿಂತವನ ಕೈಗೆ ತಲುಪಿಲ್ಲ. ಇಲ್ಲಿ ಮೋಸ ಮಾಡುವ ಉದ್ದೇಶ ಇರಲೇಬೇಕೆಂದಿಲ್ಲ. ಒಟ್ಟು ಕೂಲಿಯ ಲೆಕ್ಕವೇ ನೀರನ್ನು ಸುರಿಸುತ್ತದೆ, ಮತ್ತು ಆ ಲೆಕ್ಕವನ್ನು ಹುಟ್ಟಿಸುವುದು ಮಾಲೀಕ ಚೌಕಾಸಿ ಮಾಡಿ ಇಳಿಸಿದ ಚದರದ ದರ.

ಮೋಲ್ಡಿನ ಮರುದಿನದಿಂದ ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಟ್ಟು ಹದಗೊಳಿಸುವ ಕೆಲಸ, ಶುರುವಾಗುತ್ತದೆ. ತಾರಸಿಯ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ರೂಢಿ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬಿಸಿಲು ಬಿರುಸಾಗಿದ್ದರೆ 10 ದಿನ ಎನ್ನುವ ಸಂಹಿತೆ, ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ, ಹಾರುಬೂದಿ ಮುಂತಾದವು ಬೆರೆತ ಸಿಮೆಂಟುಗಳಿಗೆ ಕನಿಷ್ಠ 10 ದಿನ ಬೇಕೆಂದೂ ಅದನ್ನು 14 ದಿನಕ್ಕೆ ವಿಸ್ತರಿಸುವುದು ಒಳ್ಳೆಯದೆಂದೂ ಹೇಳುತ್ತದೆ. ಈ ನೀರನ್ನು ಯಾರು ಹಾಕಬೇಕು, ಅದರ ದುಡ್ಡು ಯಾರದು ಎಂಬ ಪ್ರಶ್ನೆಗೆ ಚದರದ ದರದಲ್ಲಿ ಉತ್ತರವಿಲ್ಲ. ಬೆಂಗಳೂರಿನಂಥ ಊರಿನಲ್ಲಿ ಅದು ಸಣ್ಣ ಪ್ರಶ್ನೆಯೂ ಅಲ್ಲ: 2024ರ ಮಾರ್ಚ್‌ನಲ್ಲಿ ನೀರಿನ ಬರ ಬಿಗಡಾಯಿಸಿದಾಗ ಜಲಮಂಡಳಿಯು ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತ್ತು. ಟ್ಯಾಂಕರ್ ನೀರಿಗೆ ದುಡ್ಡು ಕೊಡಬೇಕಾದವರು ಯಾರೆಂಬುದು ತೀರ್ಮಾನವಾಗದೆ ತಾರಸಿ ನಾಲ್ಕು ದಿನ ಒಣಗಿದರೆ, ವರ್ಷದ ಬಳಿಕ ಅದು ಸೋರುವಾಗ ಮಾಲೀಕ ಸಿಮೆಂಟು ಕದ್ದರೆನ್ನುತ್ತಾನೆ, ಗುತ್ತಿಗೆದಾರ ನೀರು ಹಾಕಲಿಲ್ಲವೆನ್ನುತ್ತಾನೆ. ಲೇಬರ್ ಕಾಂಟ್ರ್ಯಾಕ್ಟಿನಲ್ಲಿ ಸಾಮಗ್ರಿ ತಂದವನು ಮಾಲೀಕನೇ ಆದ್ದರಿಂದ ಗುತ್ತಿಗೆದಾರನ ಮಾತಿಗೆ ಅಲ್ಲಿ ತೂಕ ಇನ್ನೂ ಹೆಚ್ಚು. ತಾರಸಿಯಡಿಯ ಜಾಕಿಗಳನ್ನು ಬಿಚ್ಚುವ ದಿನದ ಬಗೆಗೂ ಇಂಥದೇ ಗೊಂದಲವಿದೆ. ನಾಲ್ಕೂವರೆ ಮೀಟರಿನೊಳಗಿನ ಅಗಲದ ತಾರಸಿಗೆ 7 ದಿನ, ಅದಕ್ಕಿಂತ ಅಗಲವಾದದ್ದಕ್ಕೆ 14 ದಿನ, ಆರು ಮೀಟರ್ ಮೀರಿದ ತೊಲೆಗೆ 21 ದಿನ ಎಂದು ಸಂಹಿತೆ ಹೇಳುತ್ತದೆ. ಸೆಂಟ್ರಿಂಗ್ ಸಾಮಾನಿಗೆ ದಿನಬಾಡಿಗೆ ಕಟ್ಟುವವನಿಗಾದರೋ ಪ್ರತಿ ದಿನವೂ ನಷ್ಟ.

ಈ ಎಲ್ಲ ಅನುಮಾನಗಳಿಗೆ ಮುಂಚಿತವಾಗಿ ಉತ್ತರ ಕೊಡಬಲ್ಲದ್ದು ಘನದ ಪರೀಕ್ಷೆ. ಆರರಿಂದ ಹದಿನೈದು ಘನ ಮೀಟರಿನವರೆಗಿನ ಕೆಲಸಕ್ಕೆ ಎರಡು ಮಾದರಿ, ಪ್ರತಿ ಮಾದರಿಗೆ ಮೂರು ಘನ ಎಂಬುದು ನಿಯಮವಾದ್ದರಿಂದ, ಮೇಲೆ ಹೇಳಿದ ಹತ್ತು ಚದರದ ತಾರಸಿಗೆ ಆರು ಘನಗಳನ್ನು ಎರಕ ಹೊಯ್ದು 28ನೇ ದಿನ ಪರೀಕ್ಷೆಗೆ ಕಳಿಸಿದರೆ ಸಾಕು. ಸಿವಿಲ್ ಎಂಜಿನಿಯರಿಂಗ್ ವಿಭಾಗವಿರುವ ಕಾಲೇಜುಗಳಲ್ಲಿ ಒತ್ತುಯಂತ್ರ ಇದ್ದೇ ಇರುತ್ತದೆ. ಆದರೂ ಸ್ವಂತ ಮನೆಗಳ ಕೆಲಸದಲ್ಲಿ ಇದನ್ನು ಮಾಡಿಸುವವರು ಅಪರೂಪ. ಮಾಡಿಸದೆ ಜಗಳಕ್ಕಿಳಿದವರಿಗೆ ಉಳಿಯುವುದು ಗಟ್ಟಿಯಾದ ಕಾಂಕ್ರೀಟನ್ನು ಹೊರಗಿನಿಂದ ವಿಚಾರಿಸುವ ದಾರಿಗಳು. ಸ್ಪ್ರಿಂಗಿನ ಸುತ್ತಿಗೆಯೊಂದನ್ನು ಮೇಲ್ಮೈಗೆ ಬಡಿದು ಅದು ಎಷ್ಟು ಹಿಂದಕ್ಕೆ ಪುಟಿಯುತ್ತದೆಂದು ನೋಡುವ ರಿಬೌಂಡ್ ಹ್ಯಾಮರ್ ಪರೀಕ್ಷೆ ಅಗ್ಗವಾದದ್ದು, ಜನಪ್ರಿಯವೂ ಹೌದು. ಆದರೆ ಅದರಿಂದ ಅಂದಾಜಿಸಿದ ಬಲದಲ್ಲಿ ಶೇ 25ರಷ್ಟು ಹೆಚ್ಚುಕಡಿಮೆ ಇರಬಹುದೆಂದು ಭಾರತೀಯ ಮಾನಕವೇ ಒಪ್ಪಿಕೊಂಡಿದೆ, ಮೇಲಾಗಿ ಹಳೆಯ ಕಾಂಕ್ರೀಟಿನ ಮೇಲ್ಪದರ ಗಾಳಿಯಿಂದ ಗಡಸಾಗಿ ಇಲ್ಲದ ಬಲವನ್ನು ತೋರಿಸುವುದುಂಟು. ಇದೊಂದನ್ನೇ ಹಿಡಿದು ತೀರ್ಪು ಕೇಳುವುದು ದುಡುಕು. ಕಾಂಕ್ರೀಟಿನಿಂದ ಉರುಳೆಯಾಕಾರದ ತುಂಡುಗಳನ್ನು ಕೊರೆದು ತೆಗೆಯುವ ಕೋರ್ ಪರೀಕ್ಷೆ ಹೆಚ್ಚು ನಂಬಲರ್ಹ. ಕನಿಷ್ಠ ಮೂರು ತುಂಡುಗಳ ಸರಾಸರಿ ಬಲ ನಿಗದಿತ ದರ್ಜೆಯ ಶೇ 85ಕ್ಕಿಂತ ಕೆಳಗಿಳಿಯದೆ, ಯಾವ ಒಂದು ತುಂಡೂ ಶೇ 75ಕ್ಕಿಂತ ಕೆಳಗೆ ಹೋಗದಿದ್ದರೆ ಆ ಕಾಂಕ್ರೀಟು ಒಪ್ಪತಕ್ಕದ್ದು; ಎಂ20ಕ್ಕೆ ಇದು ಕ್ರಮವಾಗಿ 17 ಮತ್ತು 15 ನ್ಯೂಟನ್ ಆಗುತ್ತದೆ. ಕೊನೆಯ ದಾರಿ ಭಾರದ ಪರೀಕ್ಷೆ. ಮನೆಯ ಅಂತಸ್ತು ಹೊರಬೇಕಾದ ಬಳಕೆಯ ಭಾರದ ಒಂದೂಕಾಲು ಪಟ್ಟು, ಅಂದರೆ ಚದರ ಮೀಟರಿಗೆ ಸುಮಾರು 250 ಕಿಲೋ, 24 ಗಂಟೆ ಹೊರಿಸಿ ಇಳಿಸಿದ ಮೇಲೆ, ಬಾಗಿದ ತಾರಸಿ ಮತ್ತೊಂದು 24 ಗಂಟೆಯೊಳಗೆ ಬಾಗಿನ ಮುಕ್ಕಾಲು ಪಾಲನ್ನಾದರೂ ಮರಳಿ ಪಡೆಯಬೇಕು, ಇಲ್ಲವಾದರೆ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು. ಸುತ್ತ ಕಟ್ಟೆ ಕಟ್ಟಿ 25 ಸೆಂಟಿಮೀಟರ್ ಆಳಕ್ಕೆ ನೀರು ತುಂಬಿಸಿದರೆ ಅಷ್ಟು ಭಾರವಾಗುತ್ತದೆ.

ವ್ಯಾಜ್ಯಗಳಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಬಿರುಕು. ಬಿರುಕೆಂದರೆ ಕಳಪೆ ಕೆಲಸವೆಂದೇ ತಿಳಿಯುವ ಮಾಲೀಕರೂ, ಬಿರುಕಿಲ್ಲದ ಮನೆಯೇ ಇಲ್ಲವೆಂದು ತಳ್ಳಿಹಾಕುವ ಗುತ್ತಿಗೆದಾರರೂ ಅರ್ಧ ಸತ್ಯವನ್ನಷ್ಟೇ ಹೇಳುತ್ತಾರೆ. ಕಂಬಕ್ಕೂ ಇಟ್ಟಿಗೆ ಗೋಡೆಗೂ ಸೇರುವಲ್ಲಿ ನೇರವಾಗಿ ಇಳಿಯುವ ಸಪೂರ ಬಿರುಕು, ಎರಡು ಬೇರೆ ಸಾಮಗ್ರಿಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಬಂದದ್ದು. ಗಿಲಾವಿಗೆ ಮೊದಲು ಅಲ್ಲಿ ಕೋಳಿಜಾಲರಿ ಹೊಡೆಯದಿದ್ದದ್ದು ಲೋಪವೇ ಆದರೂ ಮನೆ ಬೀಳುವ ಲಕ್ಷಣವಲ್ಲ. ಮೋಲ್ಡ್ ಹಾಕಿದ ಕೆಲವೇ ಗಂಟೆಗಳಲ್ಲಿ ಬಿಸಿಲು ಗಾಳಿಗೆ ಮೇಲ್ಮೈ ಒಣಗಿ ಮೂಡುವ ಬಿರುಕುಗಳು ಕ್ಯೂರಿಂಗಿನ ನಿರ್ಲಕ್ಷ್ಯವನ್ನು ಹೇಳುತ್ತವೆ. ತಾರಸಿಯ ಅಡಿಯಲ್ಲಿ ಕಂಬಿಯ ಗೆರೆಯನ್ನೇ ಹಿಡಿದು ಹೋಗುವ, ಅಂಚಿನಲ್ಲಿ ಕಂದು ಕಲೆ ಇರುವ ಬಿರುಕು ಮಾತ್ರ ಬೇರೆ ಜಾತಿಯದು: ಮೋಲ್ಡಿನ ದಿನ ಕಾಲಿಗೆ ಸಿಕ್ಕಿ ಜಾರಿದ ಕವರ್ ಬ್ಲಾಕಿನ ಫಲವಾಗಿ ಕಂಬಿ ತುಕ್ಕು ಹಿಡಿದು ಊದಿಕೊಳ್ಳುತ್ತಿರುವುದನ್ನು ಅದು ಸೂಚಿಸುತ್ತದೆ. ತೊಲೆಯ ತುದಿಯಲ್ಲಿ, ಕಂಬದ ಹತ್ತಿರ ಓರೆಯಾಗಿ ಏರುವ ಬಿರುಕನ್ನು ಕಂಡವರು ವಕೀಲರಿಗಿಂತ ಮೊದಲು ರಚನಾ ಎಂಜಿನಿಯರನ್ನು ಕಾಣಬೇಕು.

ಹಣದ ಜಗಳಗಳು ಇದಕ್ಕಿಂತ ಸರಳ. ಸಜ್ಜಾ, ಸಂಪು, ಪೋರ್ಟಿಕೊ, ಮೆಟ್ಟಿಲ ಮೇಲಿನ ಕೋಣೆ, ಕಾಂಪೌಂಡು ಇವನ್ನು ಚದರಕ್ಕೆ ಸೇರಿಸಬೇಕೋ, ಅರ್ಧಕ್ಕೆ ಎಣಿಸಬೇಕೋ, ಬಿಡಬೇಕೋ ಎಂಬುದಕ್ಕೆ ಊರಿಗೊಂದು ರೂಢಿ. ನಡುವೆ ಗೋಡೆ ಸರಿಸುವ, ಕಿಟಕಿ ಹಿಗ್ಗಿಸುವ ಎಕ್ಸ್‌ಟ್ರಾ ಕೆಲಸಗಳು ಬಾಯಿಮಾತಿನಲ್ಲೇ ನಡೆದುಹೋಗುತ್ತವೆ. ಆಷಾಢಕ್ಕೆ ಮುಂಚೆ ಗೃಹಪ್ರವೇಶ ಮುಗಿಯಬೇಕೆಂಬ ಆತುರದಲ್ಲಿ ಮಾಲೀಕ ಕೊನೆಯ ಕಂತನ್ನು ಮುಂಗಡವಾಗಿ ಕೊಟ್ಟುಬಿಟ್ಟರೆ, ಉಳಿದ ಕೆಲಸಕ್ಕೆ ಮೇಸ್ತ್ರಿ ಮತ್ತೆ ಬರುವ ಒತ್ತಾಯವೇ ಇರುವುದಿಲ್ಲ. 2021–22ರಲ್ಲಿ ಕಬ್ಬಿಣದ ಬೆಲೆ ಏಕಾಏಕಿ ಏರಿದಾಗ, ಸಾಮಗ್ರಿ ಸಮೇತ ಒಂದೇ ದರಕ್ಕೆ ಒಪ್ಪಿಕೊಂಡಿದ್ದ ಸಣ್ಣ ಗುತ್ತಿಗೆದಾರರಿಗೆ ಬೆಲೆ ಏರಿಕೆಯ ಷರತ್ತಿಲ್ಲದ ಕರಾರು ಎಷ್ಟು ಅಪಾಯಕಾರಿ ಎಂಬುದು ಗೊತ್ತಾಯಿತು.

ಕಾನೂನಿನ ಕಡೆಗೆ ಬಂದರೆ, ಮೊದಲು ಒಂದು ತಪ್ಪು ನಂಬಿಕೆಯನ್ನು ನಿವಾರಿಸಬೇಕು. ರೇರಾ ಎಂದು ಪರಿಚಿತವಾದ 2016ರ ಸ್ಥಿರಾಸ್ತಿ ಕಾಯ್ದೆಯು ಕಟ್ಟಡದ ರಚನೆಯ ದೋಷಗಳಿಗೆ ಐದು ವರ್ಷಗಳ ಹೊಣೆಯನ್ನು ಹೊರಿಸಿರುವುದು ಫ್ಲ್ಯಾಟು, ಮನೆಗಳನ್ನು ಕಟ್ಟಿ ಮಾರುವ ಪ್ರವರ್ತಕರ ಮೇಲೆ. ಸ್ವಂತ ನಿವೇಶನದಲ್ಲಿ ಗುತ್ತಿಗೆಗೆ ಕಟ್ಟಿಸಿದವನಿಗೆ ಆ ರಕ್ಷಣೆ ಸಿಗದು. ಅವನ ಹತ್ತಿರದ ಬಾಗಿಲು ಗ್ರಾಹಕ ಆಯೋಗ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ 1993ರಲ್ಲಿ ತಂದ ತಿದ್ದುಪಡಿಯು ಮನೆ ನಿರ್ಮಾಣವನ್ನು ಸೇವೆಯ ವ್ಯಾಖ್ಯೆಯೊಳಗೆ ಸೇರಿಸಿತು. ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ, ತಿದ್ದುಪಡಿಗೆ ಮುಂಚಿನಿಂದಲೂ ಅದು ಸೇವೆಯೇ ಆಗಿತ್ತೆಂದು ಹೇಳಿತು. ಈಗಿನ 2019ರ ಕಾಯ್ದೆಯ ಪ್ರಕಾರ, ಕೊಟ್ಟ ಪ್ರತಿಫಲ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ, ದೂರುದಾರ ತಾನು ವಾಸಿಸುವ ಊರಿನಲ್ಲಿಯೇ, ವ್ಯಾಜ್ಯಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಆದರೆ ಆಯೋಗದ ವಿಚಾರಣೆ ಸಂಕ್ಷಿಪ್ತವಾದದ್ದು. ತಜ್ಞರ ವರದಿಯಿಲ್ಲದೆ ಮೊಬೈಲಿನ ಫೋಟೊಗಳನ್ನಷ್ಟೇ ಇಟ್ಟ ದೂರುಗಳು ಅಲ್ಲಿ ನಿಲ್ಲುವುದು ಕಷ್ಟ, ಜಟಿಲವಾದ ಸಾಕ್ಷ್ಯ ಬೇಕಾದಲ್ಲಿ ಸಿವಿಲ್ ನ್ಯಾಯಾಲಯಕ್ಕೆ ಹೋಗಿರೆಂದು ಹೇಳುವುದೂ ಉಂಟು. ಸಿವಿಲ್ ನ್ಯಾಯಾಲಯವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಂತೆ ಸ್ಥಳ ಪರಿಶೀಲನೆಗೆ ಕಮಿಷನರನ್ನು ನೇಮಿಸಬಹುದು. ಪೊಲೀಸ್ ಠಾಣೆಗೆ ಹೋಗಿ ವಂಚನೆಯ ದೂರು ಕೊಡುವುದು ಈಚೆಗೆ ಹೆಚ್ಚಿದೆಯಾದರೂ, ಕರಾರಿನ ಆರಂಭದಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸಲಾಗದ ಹೊರತು ಕೆಲಸ ಕೆಟ್ಟದ್ದಾಗಲಿ ಅರ್ಧಕ್ಕೆ ನಿಂತದ್ದಾಗಲಿ ವಂಚನೆಯ ಅಪರಾಧವಾಗುವುದಿಲ್ಲ.

ಗುತ್ತಿಗೆದಾರನ ಪಾಲಿಗೆ ಗ್ರಾಹಕ ಆಯೋಗದ ಬಾಗಿಲೂ ಇಲ್ಲ. ಸೇವೆ ಕೊಟ್ಟವನು ಗ್ರಾಹಕನಲ್ಲವಾದ್ದರಿಂದ ಬಾಕಿ ಹಣಕ್ಕಾಗಿ ಅವನು ನ್ಯಾಯಾಲಯ ಶುಲ್ಕ ಕಟ್ಟಿ, ಕೆಲಸ ಮುಗಿದ ಮೂರು ವರ್ಷಗಳೊಳಗೆ ಸಿವಿಲ್ ದಾವೆಯನ್ನೇ ಹೂಡಬೇಕು. ಬಾಯಿಮಾತಿನ ಎಕ್ಸ್‌ಟ್ರಾ ಕೆಲಸಕ್ಕೆ ಅವನಿಗಿರುವ ಆಸರೆ 1872ರ ಕರಾರು ಕಾಯ್ದೆಯ 70ನೇ ಕಲಂ: ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬ ನ್ಯಾಯಬದ್ಧವಾಗಿ ಮಾಡಿದ ಕೆಲಸದ ಲಾಭವನ್ನು ಉಂಡವನು ಅದಕ್ಕೆ ಪ್ರತಿಫಲ ಕೊಡಬೇಕು. ಪಶ್ಚಿಮ ಬಂಗಾಳ ಸರ್ಕಾರದ ಇಲಾಖೆಯೊಂದಕ್ಕೆ ಕ್ರಮಬದ್ಧ ಕರಾರಿಲ್ಲದೆ ಕಟ್ಟಡ ಕಟ್ಟಿಕೊಟ್ಟ ಗುತ್ತಿಗೆದಾರ ಸಂಸ್ಥೆಗೆ ಸುಪ್ರೀಂ ಕೋರ್ಟು ಬಿ.ಕೆ. ಮಂಡಲ್ ಪ್ರಕರಣದಲ್ಲಿ ಹಣ ಕೊಡಿಸಿದ್ದು ಇದೇ ಕಲಮಿನ ಬಲದಿಂದ. ಆದರೂ ಕೆಲಸ ನಡೆದದ್ದು, ಅದನ್ನು ಮಾಲೀಕ ಒಪ್ಪಿಕೊಂಡದ್ದು ಎರಡನ್ನೂ ಸಾಬೀತು ಮಾಡುವ ಹೊಣೆ ಗುತ್ತಿಗೆದಾರನ ಮೇಲೆಯೇ ಬೀಳುತ್ತದೆ.

ದೋಷ ಸಾಬೀತಾದ ಮೇಲೂ ಪರಿಹಾರ ಎಷ್ಟೆಂಬುದು ಸುಲಭದ ಪ್ರಶ್ನೆಯಲ್ಲ. ಕೆಡವಿ ಕಟ್ಟುವ ಖರ್ಚೋ, ದೋಷದಿಂದ ತಗ್ಗಿದ ಬೆಲೆಯೋ? ಭಾರತದ ಕರಾರು ಕಾನೂನಿನ ಬೇರುಗಳಿರುವ ಇಂಗ್ಲೆಂಡಿನಲ್ಲಿ 1995ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ರಕ್ಸ್‌ಲಿ ಪ್ರಕರಣ ಇಲ್ಲಿ ಓದತಕ್ಕದ್ದು. ಮನೆಯಂಗಳದ ಈಜುಕೊಳದ ಗರಿಷ್ಠ ಆಳ 7 ಅಡಿ 6 ಅಂಗುಲ ಇರಬೇಕೆಂದು ಕರಾರಿತ್ತು. ಕಟ್ಟಿದ ಕೊಳದ ಆಳ 6 ಅಡಿ 9 ಅಂಗುಲ ಮಾತ್ರ. ಕೊಳ ಸುರಕ್ಷಿತವಾಗಿತ್ತು, ಆಸ್ತಿಯ ಬೆಲೆಯೂ ತಗ್ಗಿರಲಿಲ್ಲ. ಒಡೆದು ಕಟ್ಟಲು ಬೇಕಾದ 21,560 ಪೌಂಡುಗಳನ್ನು ಮಾಲೀಕ ಕೇಳಿದ. ಆ ಖರ್ಚು ಸಿಗುವ ಲಾಭಕ್ಕೆ ಹೊಂದದೆಂದು ನಿರಾಕರಿಸಿದ ನ್ಯಾಯಾಧೀಶರು, ಬಯಸಿದ ಸುಖ ದೊರೆಯದ್ದಕ್ಕಾಗಿ 2,500 ಪೌಂಡುಗಳನ್ನು ಉಳಿಸಿಕೊಟ್ಟರು. ತಾರಸಿ ಕರಾರಿಗಿಂತ ಅರ್ಧ ಅಂಗುಲ ತೆಳುವಾಗಿದೆಯೆಂದು ಇಡೀ ಅಂತಸ್ತಿನ ಬೆಲೆ ಕೇಳುವವರು ಈ ತರ್ಕವನ್ನು ಎದುರಿಸಲು ಸಿದ್ಧರಿರಬೇಕು. ಬಲವೇ ಸಾಲದೆಂದು ಕೋರ್ ಪರೀಕ್ಷೆ ತೋರಿಸಿದ ಸಂದರ್ಭಕ್ಕೆ ಮಾತ್ರ ಈ ತರ್ಕ ಅನ್ವಯಿಸದು, ಏಕೆಂದರೆ ಅಲ್ಲಿ ಪ್ರಶ್ನೆ ಸುಖದ್ದಲ್ಲ, ಸುರಕ್ಷತೆಯದು.

ಸರ್ಕಾರಿ ಕಾಮಗಾರಿಗೆ ನೋಂದಾಯಿತ ಗುತ್ತಿಗೆದಾರನೇ ಬೇಕೆನ್ನುವ ವ್ಯವಸ್ಥೆ, ಒಂದು ಕುಟುಂಬ ಜೀವಮಾನದ ಉಳಿತಾಯವನ್ನೂ ಬ್ಯಾಂಕಿನ ಸಾಲವನ್ನೂ ಸುರಿಯುವ ಕೆಲಸದಲ್ಲಿ ಎರಡು ಪುಟದ ಕರಾರನ್ನೂ ಕೇಳುವುದಿಲ್ಲ. ಕಾಂಕ್ರೀಟಿನ ದರ್ಜೆ, ತಾರಸಿಯ ದಪ್ಪ, ಕಂಬಿಯ ವಿವರ, ಕ್ಯೂರಿಂಗಿನ ನೀರು ಮತ್ತು ಅದರ ಹೊಣೆ, ಜಾಕಿ ಬಿಚ್ಚುವ ದಿನ, ಚದರದ ಅಳತೆಗೆ ಸೇರುವ ಭಾಗಗಳು, ಎಕ್ಸ್‌ಟ್ರಾ ಕೆಲಸದ ದರ, ಕಂತುಗಳ ಜೊತೆಗೆ ಒಂದು ಮಳೆಗಾಲ ಕಳೆಯುವವರೆಗೆ ಮಾಲೀಕನ ಬಳಿ ಉಳಿಯುವ ಶೇ 5ರ ತಡೆಹಣ, ಕರಾರಿನಲ್ಲಿ ಇಷ್ಟು ಇದ್ದರೆ ಸಾಕು. ಪಾಲಿಕೆ, ಪುರಸಭೆ, ಪಂಚಾಯಿತಿಗಳು ಕಟ್ಟಡ ಪರವಾನಗಿಯ ಜೊತೆಗೇ ಇಂಥದೊಂದು ಮಾದರಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಬೇಕು. ಎಂಜಿನಿಯರಿಂಗ್ ಕಾಲೇಜುಗಳು ಸುತ್ತಲಿನ ಮನೆಗಳ ಘನಗಳನ್ನು ಕಡಿಮೆ ಶುಲ್ಕಕ್ಕೆ ಪರೀಕ್ಷಿಸಿಕೊಡಲು ಮುಂದಾಗಬೇಕು. ಆ ಕರಾರಿನ ಮೊದಲ ಕರಡನ್ನು ಗುತ್ತಿಗೆದಾರರ ಸಂಘಗಳೇ ಬರೆಯಲಿ. ಕಾಗದವಿಲ್ಲದ ವ್ಯಾಜ್ಯದಲ್ಲಿ ಮಾಲೀಕನಿಗೆ ಗ್ರಾಹಕ ಆಯೋಗವಾದರೂ ಇದೆ, ಅವರಿಗೆ ಅದೂ ಇಲ್ಲ.